ನಲ್ಲಿಯ ಪೈಪು ಸದ್ದು ಮಾಡುವುದೇಕೆ?

ಬಟ್ಟೆ ಒಗೆಯುವ ಯಂತ್ರ ನೀರು ತುಂಬಿಸಿಕೊಂಡು ನಿಲ್ಲಿಸಿದ ಕ್ಷಣದಲ್ಲಿ ಗೋಡೆಯೊಳಗೆ ಯಾರೋ ಸುತ್ತಿಗೆಯಿಂದ ಬಡಿದಂತೆ ‘ದಡ್’ ಎಂಬ ಸದ್ದು. ಬಚ್ಚಲುಮನೆಯ ನಲ್ಲಿಯನ್ನು ಅರ್ಧ ತಿರುಗಿಸಿದಾಗ ಮನೆಗೆಲ್ಲ ಕೇಳುವಂತೆ ‘ಗೊಂಯ್’ ಎಂಬ ಊಳು. ಸಂಪಿನಿಂದ ನೀರೆತ್ತುವ ಮೋಟಾರನ್ನು ನಿಲ್ಲಿಸಿದೊಡನೆ ತಾರಸಿಯಿಂದ ನೆಲದವರೆಗೆ ಒಂದು ಗುದ್ದು. ಬಿಸಿನೀರು ಬಿಟ್ಟಾಗ ಗೋಡೆಯಲ್ಲಿ ‘ಟಿಕ್ ಟಿಕ್’. ಇವುಗಳಲ್ಲಿ ಒಂದನ್ನಾದರೂ ನೀವು ಮನೆಯಲ್ಲೋ ಶಾಲೆಯಲ್ಲೋ ಹಾಸ್ಟೆಲಿನಲ್ಲೋ ಕೇಳಿರಲೇಬೇಕು.

ಇಂಥ ಸದ್ದು ಬಂದಾಗ ಸಾಮಾನ್ಯವಾಗಿ ಏನು ಮಾಡುತ್ತೇವೆ? ಸದ್ದು ಎಲ್ಲಿಂದ ಬರುತ್ತಿದೆ ಎಂದು ಗೋಡೆಗೆ ಕಿವಿಗೊಟ್ಟು ಹುಡುಕುತ್ತೇವೆ. ಅತಿ ಜೋರಾಗಿ ಕೇಳಿಸುವ ಜಾಗವನ್ನು ಪ್ಲಂಬರಿಗೆ ತೋರಿಸುತ್ತೇವೆ. ಆತ ಟೈಲ್ಸ್ ಒಡೆದು ನೋಡಿದರೆ ಅಲ್ಲಿ ಪೈಪು ಸರಿಯಾಗಿಯೇ ಇರುತ್ತದೆ. ಖರ್ಚಾಯಿತು, ಸದ್ದು ಉಳಿಯಿತು. ಪತ್ತೆಯ ಮೊದಲ ಪ್ರಶ್ನೆಯೇ ತಪ್ಪಾದುದು ಇದಕ್ಕೆ ಕಾರಣ. ಪೈಪಿನ ಸದ್ದಿನ ವಿಷಯದಲ್ಲಿ ‘ಎಲ್ಲಿ?’ ಎಂಬ ಪ್ರಶ್ನೆಗಿಂತ ‘ಯಾವಾಗ?’ ಎಂಬ ಪ್ರಶ್ನೆ ಹೆಚ್ಚು ಉಪಯುಕ್ತ. ಏಕೆಂದು ನೋಡೋಣ.

ಕಿವಿ ಮೋಸಹೋಗುವ ಬಗೆ

ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ನೀರಿನಲ್ಲಿ ಅದು ಸುಮಾರು 1,480 ಮೀಟರ್. ಉಕ್ಕಿನಲ್ಲಿ 5,000 ಮೀಟರಿನ ಆಸುಪಾಸು. ಹೀಗಾಗಿ 20 ಮೀಟರ್ ಉದ್ದದ ಕಬ್ಬಿಣದ ಪೈಪಿನ ಒಂದು ತುದಿಯಲ್ಲಿ ಹುಟ್ಟಿದ ಸದ್ದು ಇನ್ನೊಂದು ತುದಿಯನ್ನು ಸೆಕೆಂಡಿನ 250ನೇ ಒಂದು ಭಾಗದಲ್ಲಿ ತಲಪಿಬಿಡುತ್ತದೆ. ಮೊದಲು ಎಲ್ಲಿ, ಆಮೇಲೆ ಎಲ್ಲಿ ಎಂದು ಕಿವಿ ಹೇಳಲಾರದು.

ಇನ್ನೊಂದು ಕಾರಣವೂ ಇದೆ. ಪೈಪು ಸಪೂರವಾದ ವಸ್ತು. ಅದು ಕಂಪಿಸಿದರೂ ತನ್ನ ಸುತ್ತಲಿನ ಗಾಳಿಯನ್ನು ಹೆಚ್ಚಾಗಿ ಅಲುಗಿಸಲಾರದು. ಆ ಕಂಪನ ಗೋಡೆಗೋ ಛಾವಣಿಗೋ ಮರದ ಬಾಗಿಲಚೌಕಟ್ಟಿಗೋ ದಾಟಿದಾಗ ಮಾತ್ರ ದೊಡ್ಡ ಸದ್ದಾಗುತ್ತದೆ. ವೀಣೆಯಲ್ಲಿ ಮೀಟುವುದು ತಂತಿಯನ್ನು, ಮೊಳಗುವುದು ಕೊಡ. ಅದೇ ರೀತಿ ಪೈಪು ಎಲ್ಲಿ ಗೋಡೆಯನ್ನು ಮುಟ್ಟುತ್ತದೆಯೋ ಅಲ್ಲಿ ಸದ್ದು ಜೋರಾಗಿ ಕೇಳಿಸುತ್ತದೆ. ಸದ್ದು ಹುಟ್ಟಿದ ಜಾಗ ಎರಡು ಅಂತಸ್ತು ಮೇಲೆ ಇರಬಹುದು.

ಆದ್ದರಿಂದ ಉಳಿ ಸುತ್ತಿಗೆ ಹಿಡಿಯುವ ಮೊದಲು ಒಂದು ಕಾಗದ, ಒಂದು ಪೆನ್ಸಿಲ್ ಹಿಡಿದುಕೊಳ್ಳಿ. ಒಂದೆರಡು ದಿನ ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದಿಡಿ:

1. ಸದ್ದು ನಲ್ಲಿ ತೆರೆದಾಗಲೋ, ನೀರು ಹರಿಯುತ್ತಿರುವಾಗಲೋ, ಮುಚ್ಚಿದ ಕ್ಷಣದಲ್ಲೋ, ಎಲ್ಲವೂ ಮುಚ್ಚಿರುವಾಗಲೋ?
2. ಒಂದೇ ನಲ್ಲಿಗೆ ಸಂಬಂಧಿಸಿದ್ದೋ, ಎಲ್ಲ ನಲ್ಲಿಗಳಿಗೂ ಬರುತ್ತದೆಯೋ?
3. ತಣ್ಣೀರಿಗೋ, ಬಿಸಿನೀರಿಗೆ ಮಾತ್ರವೋ?
4. ನಲ್ಲಿಯನ್ನು ಹೆಚ್ಚು ಕಡಿಮೆ ತಿರುಗಿಸಿದಾಗ ಸದ್ದಿನ ಸ್ಥಾಯಿ ಬದಲಾಗುತ್ತದೆಯೋ?

ಮನೆಯೊಳಗಿನ ಪೈಪಿನ ಹೆಚ್ಚಿನ ಸದ್ದುಗಳ ಕಾರಣ ಈ ನಾಲ್ಕು ಉತ್ತರಗಳಲ್ಲೇ ಸಿಕ್ಕಿಬಿಡುತ್ತದೆ. ಒಂದೊಂದಾಗಿ ನೋಡೋಣ.

ಮುಚ್ಚಿದ ಕ್ಷಣದಲ್ಲಿ ‘ದಡ್’: ಜಲಾಘಾತ

ಹರಿಯುವ ನೀರಿಗೆ ತೂಕವಿದೆ, ವೇಗವಿದೆ. ಆದ್ದರಿಂದ ಸಂವೇಗವೂ ಇದೆ. ಎಷ್ಟು ಎಂದು ನೀವೇ ಅಳೆಯಬಹುದು. 15 ಲೀಟರಿನ ಬಕೆಟ್ಟೊಂದು ನಿಮ್ಮ ನಲ್ಲಿಯ ಕೆಳಗೆ ಒಂದು ನಿಮಿಷದಲ್ಲಿ ತುಂಬುತ್ತದೆ ಎಂದಿಟ್ಟುಕೊಳ್ಳಿ. ಪೈಪಿನ ಒಳವ್ಯಾಸ 15 ಮಿಲಿಮೀಟರ್ ಆದರೆ ಅದರೊಳಗೆ ನೀರಿನ ವೇಗ ಸೆಕೆಂಡಿಗೆ ಸುಮಾರು 1.4 ಮೀಟರ್. ತೊಟ್ಟಿಯಿಂದ ನಲ್ಲಿಯವರೆಗೆ ಪೈಪಿನ ಉದ್ದ 20 ಮೀಟರ್ ಆದರೆ ಅದರೊಳಗಿನ ನೀರು ಸುಮಾರು ಮೂರೂವರೆ ಕಿಲೋಗ್ರಾಂ. ಅಂದರೆ ಮೂರೂವರೆ ಕಿಲೋ ತೂಕದ ಒಂದು ಉದ್ದನೆಯ ದಂಡ ಸೆಕೆಂಡಿಗೆ 1.4 ಮೀಟರ್ ವೇಗದಲ್ಲಿ ನಿಮ್ಮ ನಲ್ಲಿಯ ಕಡೆಗೆ ಸಾಗುತ್ತಲೇ ಇದೆ.

ಈಗ ನಲ್ಲಿಯನ್ನು ಮುಚ್ಚಿ. ದಂಡ ನಿಲ್ಲಬೇಕು. ಎಷ್ಟು ಸಮಯದಲ್ಲಿ ನಿಲ್ಲುತ್ತದೆ ಎಂಬುದೇ ಮುಖ್ಯ. ನಾಲ್ಕೈದು ಸುತ್ತು ತಿರುಗಿಸುವ ಹಳೆಯ ಪಿತ್ತಾಳೆ ನಲ್ಲಿಯಲ್ಲಿ ನೀರು ನಿಲ್ಲಲು ಸುಮಾರು 2 ಸೆಕೆಂಡು ಬೇಕು. ಆಗ ನಲ್ಲಿಯ ಬಳಿ ಏರುವ ಸರಾಸರಿ ಹೆಚ್ಚುವರಿ ಒತ್ತಡ 14,000 ಪ್ಯಾಸ್ಕಲ್, ಎಂದರೆ ವಾತಾವರಣದ ಒತ್ತಡದ ಏಳನೇ ಒಂದು ಭಾಗ. ಇದು ಯಾವ ಪೈಪಿಗೂ ತೊಂದರೆಯಲ್ಲ. ಕಾಲು ಸುತ್ತಿನಲ್ಲಿ ಮುಚ್ಚುವ ಈಗಿನ ಹಿಡಿಕೆ ನಲ್ಲಿಯನ್ನು ಥಟ್ಟನೆ 0.2 ಸೆಕೆಂಡಿನಲ್ಲಿ ಮುಚ್ಚಿದರೆ ಅದು ಹತ್ತು ಪಟ್ಟಾಗಿ 1,40,000 ಪ್ಯಾಸ್ಕಲ್ ಆಗುತ್ತದೆ. ಬಟ್ಟೆ ಒಗೆಯುವ ಯಂತ್ರದ ವಿದ್ಯುತ್ ಕವಾಟ ಮುಚ್ಚುವುದು ಇನ್ನೂ ಬೇಗ, ಸೆಕೆಂಡಿನ ನೂರನೇ ಕೆಲವು ಭಾಗಗಳಲ್ಲಿ.

ಮುಚ್ಚುವ ಸಮಯ ಸೊನ್ನೆಗೆ ಹತ್ತಿರವಾದರೆ ಒತ್ತಡ ಅನಂತವಾಗುತ್ತದೆಯೇ? ಇಲ್ಲ. ಇಲ್ಲಿ ನೀರನ್ನು ಗಟ್ಟಿ ದಂಡ ಎಂದು ತಿಳಿಯುವುದು ಸಾಲದು. ನೀರು ಅಲ್ಪಸ್ವಲ್ಪ ಕುಗ್ಗುತ್ತದೆ, ಪೈಪು ಅಲ್ಪಸ್ವಲ್ಪ ಹಿಗ್ಗುತ್ತದೆ. ನಲ್ಲಿಯ ಬಳಿಯ ನೀರು ಮೊದಲು ನಿಲ್ಲುತ್ತದೆ, ಅದರ ಹಿಂದಿನದು ಆಮೇಲೆ, ಅದರ ಹಿಂದಿನದು ಇನ್ನೂ ಆಮೇಲೆ. ರೈಲಿನ ಎಂಜಿನ್ ನಿಂತಾಗ ಬೋಗಿಗಳು ಒಂದೊಂದಾಗಿ ಗುದ್ದಿಕೊಂಡು ನಿಲ್ಲುವುದನ್ನು ನೆನಪಿಸಿಕೊಳ್ಳಿ. ಈ ‘ನಿಲ್ಲುವಿಕೆ’ ಒಂದು ಒತ್ತಡದ ಅಲೆಯಾಗಿ ಪೈಪಿನಲ್ಲಿ ಹಿಂದಕ್ಕೆ ಓಡುತ್ತದೆ.

ಇದರ ಗಣಿತವನ್ನು ಸ್ಪಷ್ಟಪಡಿಸಿದವನು ರಷ್ಯದ ವಿಜ್ಞಾನಿ ನಿಕೊಲಾಯ್ ಝುಕೋವ್‌ಸ್ಕಿ (1847–1921). ವಿಮಾನದ ರೆಕ್ಕೆಯನ್ನು ಮೇಲೆತ್ತುವ ಬಲದ ಸಿದ್ಧಾಂತದಲ್ಲಿ ಈತನ ಹೆಸರನ್ನು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೇಳಿರುತ್ತಾರೆ. ಮಾಸ್ಕೋ ನಗರದ ನೀರು ಸರಬರಾಜು ಪೈಪುಗಳ ಮೇಲೆ 1897ರಲ್ಲಿ ಪ್ರಯೋಗ ನಡೆಸಿದ ಈತ ಮರುವರ್ಷ ತನ್ನ ಫಲಿತಾಂಶವನ್ನು ಪ್ರಕಟಿಸಿದ. ಅದರ ಸಾರ ಇಷ್ಟು: ನೀರನ್ನು ಹಠಾತ್ತನೆ ನಿಲ್ಲಿಸಿದಾಗ ಏರುವ ಒತ್ತಡ = ನೀರಿನ ಸಾಂದ್ರತೆ × ಪೈಪಿನಲ್ಲಿ ಅಲೆಯ ವೇಗ × ನೀರಿನ ವೇಗ.

ಜಿ.ಐ. ಪೈಪಿನಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 1,300 ಮೀಟರ್. ಲೆಕ್ಕ ಹಾಕಿ: 1000 × 1300 × 1.4 = 18,20,000 ಪ್ಯಾಸ್ಕಲ್. ವಾತಾವರಣದ ಒತ್ತಡದ 18 ಪಟ್ಟು! ನಲ್ಲಿಗಿಂತ 10 ಮೀಟರ್ ಎತ್ತರದಲ್ಲಿರುವ ತೊಟ್ಟಿ ಆ ಪೈಪಿಗೆ ಕೊಡುವ ಸಾಮಾನ್ಯ ಒತ್ತಡ ವಾತಾವರಣದ ಒಂದು ಪಟ್ಟಿನಷ್ಟು ಮಾತ್ರ. ಪಿ.ವಿ.ಸಿ. ಪೈಪು ಹೆಚ್ಚು ಹಿಗ್ಗುವುದರಿಂದ ಅದರಲ್ಲಿ ಅಲೆಯ ವೇಗ ಸೆಕೆಂಡಿಗೆ 400 ಮೀಟರ್ ಆಸುಪಾಸು. ಆದ್ದರಿಂದ ಅಲ್ಲಿ ಒತ್ತಡ ಏರುವುದೂ ಆರು ಪಟ್ಟಿನೊಳಗೆ. ಆದರೆ ಆ ಪೈಪಿನ ಅಂಟಿಸಿದ ಜೋಡಣೆಗಳು ಇಂಥ ಏಟನ್ನು ದಿನಕ್ಕೆ ಹತ್ತಾರು ಸಲ ತಿನ್ನುವುದು ಒಳ್ಳೆಯದಲ್ಲ.

ನಲ್ಲಿಯಿಂದ ಹೊರಟ ಅಲೆ ತೊಟ್ಟಿಯನ್ನು ಮುಟ್ಟಿ ಹಿಂದಿರುಗುತ್ತದೆ. ಹೋಗಿಬರುವಷ್ಟು ಸಮಯದೊಳಗೆ ನಲ್ಲಿ ಪೂರ್ತಿ ಮುಚ್ಚಿದರೆ ಮಾತ್ರ ಝುಕೋವ್‌ಸ್ಕಿಯ ಪೂರ್ಣ ಒತ್ತಡ ಬರುತ್ತದೆ. ನಮ್ಮ 20 ಮೀಟರ್ ಜಿ.ಐ. ಪೈಪಿನಲ್ಲಿ ಈ ಸಮಯ ಸುಮಾರು 0.03 ಸೆಕೆಂಡು. ಕೈಯಿಂದ ಅಷ್ಟು ಬೇಗ ಮುಚ್ಚುವುದು ಕಷ್ಟ. ವಿದ್ಯುತ್ ಕವಾಟಕ್ಕೆ ಅದು ಕಷ್ಟವಲ್ಲ. ಹಳೆಯ ಪೈಪಿಗೆ ಹೊಸ ಯಂತ್ರ ಜೋಡಿಸಿದ ಮನೆಗಳಲ್ಲಿ ಹಿಂದೆ ಇಲ್ಲದ ಸದ್ದು ಈಗ ಶುರುವಾಗುವುದು ಇದರಿಂದಲೇ.

ತೊಟ್ಟಿಯಿಂದ ಹಿಂದಿರುಗಿದ ಅಲೆ ನಲ್ಲಿಯ ಬಳಿ ಒತ್ತಡವನ್ನು ಕೆಳಕ್ಕೆ ಎಳೆಯುತ್ತದೆ. ಹೀಗೆ ಏರು, ಇಳಿತ, ಏರು, ಇಳಿತ ನಡೆದು ಕ್ರಮೇಣ ಘರ್ಷಣೆಯಿಂದ ಅಡಗುತ್ತದೆ. ಸಡಿಲವಾಗಿರುವ ಪೈಪು ಪ್ರತಿ ಸಲವೂ ಗೋಡೆಗೆ ಬಡಿಯುತ್ತದೆ. ನಮಗೆ ಕೇಳಿಸುವುದು ಆ ಬಡಿತ.

ಪರೀಕ್ಷೆ ಸುಲಭ. ಅದೇ ನಲ್ಲಿಯನ್ನು ನಿಧಾನವಾಗಿ ಮುಚ್ಚಿ ನೋಡಿ. ಸದ್ದು ಬಾರದಿದ್ದರೆ ಅದು ಜಲಾಘಾತವೇ. ಯಂತ್ರವಾದರೆ ಅದಕ್ಕೆ ನೀರು ಬಿಡುವ ಕವಾಟವನ್ನು ಅರ್ಧ ಮುಚ್ಚಿ ನೋಡಿ. ನೀರಿನ ವೇಗ ಅರ್ಧವಾದರೆ ಏಟೂ ಅರ್ಧವಾಗಬೇಕು. ಪೈಪನ್ನು ರಬ್ಬರ್ ಪಟ್ಟಿ ಸುತ್ತಿದ ಕ್ಲಾಂಪಿನಿಂದ ಗೋಡೆಗೆ ಬಿಗಿದರೆ ಸದ್ದು ಕಡಿಮೆಯಾಗುತ್ತದೆ. ನಲ್ಲಿಯ ಹತ್ತಿರ ತುದಿ ಮುಚ್ಚಿದ ಲಂಬ ಪೈಪಿನ ತುಂಡೊಂದನ್ನು ಜೋಡಿಸಿದರೆ ಅದರೊಳಗಿನ ಗಾಳಿ ಮೆತ್ತೆಯಂತೆ ಕೆಲಸ ಮಾಡುತ್ತದೆ. ಆದರೆ ಆ ಗಾಳಿ ತಿಂಗಳುಗಳು ಕಳೆದಂತೆ ನೀರಿನಲ್ಲಿ ಕರಗಿಹೋಗುತ್ತದೆ. ಆಗಾಗ ಪೈಪನ್ನು ಪೂರ್ತಿ ಖಾಲಿ ಮಾಡಿ ಗಾಳಿ ತುಂಬಿಸದಿದ್ದರೆ ಸದ್ದು ಮತ್ತೆ ಬರುತ್ತದೆ.

ಇದೇ ಏಟನ್ನು ಒಳ್ಳೆಯ ಕೆಲಸಕ್ಕೂ ಬಳಸಬಹುದು. ಬಿಸಿಗಾಳಿಯ ಬಲೂನು ಹಾರಿಸಿದ ಮಾಂಟ್‌ಗೊಲ್ಫಿಯೆ ಸೋದರರಲ್ಲಿ ಹಿರಿಯನಾದ ಜೋಸೆಫ್ 1796ರಲ್ಲಿ ರೂಪಿಸಿದ ‘ಹೈಡ್ರಾಲಿಕ್ ರ‍್ಯಾಮ್’ ಎಂಬ ಸಾಧನ ಹರಿಯುವ ತೊರೆಯ ನೀರನ್ನು ಪದೇ ಪದೇ ಹಠಾತ್ತನೆ ತಡೆದು, ಆ ಒತ್ತಡದಿಂದಲೇ ಅದರ ಒಂದು ಪಾಲನ್ನು ಎತ್ತರಕ್ಕೆ ಏರಿಸುತ್ತದೆ. ವಿದ್ಯುತ್ತೂ ಬೇಡ, ಡೀಸೆಲ್ಲೂ ಬೇಡ.

ಮೋಟಾರು ನಿಂತಾಗಿನ ಗುದ್ದು

ಸಂಪು ಮತ್ತು ತಾರಸಿಯ ತೊಟ್ಟಿ ಇರುವ ನಮ್ಮ ಊರುಗಳ ಮನೆಗಳಲ್ಲಿ ಇದು ತೀರ ಪರಿಚಿತ. ಮೋಟಾರು ನಿಂತ ಮೇಲೂ ಏರುಪೈಪಿನ ನೀರು ಜಡತ್ವದಿಂದ ಸ್ವಲ್ಪ ಹೊತ್ತು ಮೇಲೇರುತ್ತದೆ. ಗುರುತ್ವ ಅದನ್ನು ಎಳೆಯುತ್ತಲೇ ಇರುತ್ತದೆ. ಸೆಕೆಂಡಿಗೆ 1.4 ಮೀಟರ್ ವೇಗದ ನೀರು ನಿಲ್ಲಲು 0.14 ಸೆಕೆಂಡು ಸಾಕು. ಆನಂತರ ಅದು ಕೆಳಮುಖವಾಗಿ ಬೀಳತೊಡಗುತ್ತದೆ. ನೀರು ಹಿಂದಕ್ಕೆ ಬಾರದಂತೆ ತಡೆಯಲು ಮೋಟಾರಿನ ಬಳಿ ಒಮ್ಮುಖ ಕವಾಟ (ಪ್ಲಂಬರುಗಳ ‘ಎನ್.ಆರ್.ವಿ.’) ಇರುತ್ತದೆ. ಅದರ ಬಾಗಿಲು ತುಕ್ಕಿನಿಂದಲೋ ಸವೆತದಿಂದಲೋ 0.1 ಸೆಕೆಂಡು ತಡವಾಗಿ ಮುಚ್ಚಿದರೂ ಅಷ್ಟರಲ್ಲಿ ನೀರು ಸೆಕೆಂಡಿಗೆ ಸುಮಾರು ಒಂದು ಮೀಟರ್ ವೇಗ ಪಡೆದಿರುತ್ತದೆ. ಬಾಗಿಲು ಬಡಿದು ಮುಚ್ಚುತ್ತದೆ. ಒಳಗೆ ಮತ್ತದೇ ಜಲಾಘಾತ.

ಗುದ್ದು ತಾರಸಿಯಲ್ಲಿ ಕೇಳಿಸಬಹುದು, ಮೂರನೆಯ ಅಂತಸ್ತಿನ ಮಲಗುವ ಕೋಣೆಯಲ್ಲೂ ಕೇಳಿಸಬಹುದು. ಕಾರಣ ಮಾತ್ರ ಸಂಪಿನ ಪಕ್ಕದಲ್ಲಿದೆ. ಮೋಟಾರು ನಿಲ್ಲಿಸಿದ ಅರೆಕ್ಷಣದಲ್ಲಿ, ಒಂದೇ ಸಲ ಬರುವ ಸದ್ದಾದರೆ ಗೋಡೆಯನ್ನು ಬಿಟ್ಟು ಆ ಕವಾಟವನ್ನು ನೋಡಿ. ನೀರು ಹಿಮ್ಮುಖವಾಗುವ ಮೊದಲೇ ಮುಚ್ಚುವ ಸ್ಪ್ರಿಂಗ್ ಕವಾಟ ಹಾಕಿದರೆ ಗುದ್ದು ನಿಲ್ಲುತ್ತದೆ.

ಹರಿಯುವಾಗ ‘ಗೊಂಯ್’: ನಡುಗುವ ವಾಷರು

ನಲ್ಲಿಯನ್ನು ಒಂದು ನಿರ್ದಿಷ್ಟ ಮಟ್ಟಕ್ಕೆ ತಿರುಗಿಸಿದಾಗ ಮಾತ್ರ ಊಳಿಡುತ್ತದೆ, ಇನ್ನಷ್ಟು ತೆರೆದರೆ ಸುಮ್ಮನಾಗುತ್ತದೆ ಎಂದಾದರೆ ಅನುಮಾನಿಸಬೇಕಾದುದು ವಾಷರನ್ನು. ಹಳೆಯ ಬಗೆಯ ನಲ್ಲಿಯಲ್ಲಿ ನೀರು ವಾಷರಿನ ಕೆಳಗಿನ ಕಿರಿದಾದ ಸಂದಿನಿಂದ ಹೊರಬರುತ್ತದೆ. ಸಂದು ಕಿರಿದಾದಷ್ಟೂ ವೇಗ ಹೆಚ್ಚು. ವೇಗ ಹೆಚ್ಚಿದ ಕಡೆ ಒತ್ತಡ ಕಡಿಮೆ. ಇದು ಬರ್ನೂಲಿಯ ನಿಯಮ. ಸಡಿಲವಾದ ವಾಷರು ಆ ಕಡಿಮೆ ಒತ್ತಡದಿಂದ ಕೆಳಕ್ಕೆ ಎಳೆಯಲ್ಪಡುತ್ತದೆ. ಹಾದಿ ಮುಚ್ಚುತ್ತಿದ್ದಂತೆ ಹಿಂದಿನ ನೀರಿನ ಒತ್ತಡ ಏರಿ ಅದನ್ನು ಮೇಲಕ್ಕೆ ತಳ್ಳುತ್ತದೆ. ಮತ್ತೆ ಎಳೆತ, ಮತ್ತೆ ತಳ್ಳು. ಇದು ಸೆಕೆಂಡಿಗೆ ನೂರಾರು ಸಲ ನಡೆದರೆ ಅದೇ ಒಂದು ಸ್ವರ. ನಾಗಸ್ವರದ ಪೀಪಿ ನುಡಿಯುವುದೂ ಹೀಗೆಯೇ, ಅಲ್ಲಿ ನೀರಿನ ಬದಲು ಗಾಳಿ. ಈ ಸ್ವರ ಪೈಪಿನ ಸಹಜ ಆವೃತ್ತಿಗೆ ಹೊಂದಿದರೆ ಅನುರಣನೆಯಿಂದ ಇಡೀ ಮನೆ ಮೊಳಗುತ್ತದೆ. ಒಂದು ಹೊಸ ವಾಷರು ಸಾಕು, ಕಾಯಿಲೆ ಮಾಯ.

ಯಾವ ನಲ್ಲಿಯನ್ನೂ ಮುಟ್ಟದಿರುವಾಗ ಊಳು ಕೇಳಿದರೆ? ತಾರಸಿಯ ತೊಟ್ಟಿಯೋ ಸಂಪೋ ತುಂಬುತ್ತಿದೆಯೇ ನೋಡಿ. ತೇಲುವ ಚೆಂಡಿನ ಕವಾಟ ಮುಚ್ಚುವ ಹಂತಕ್ಕೆ ಬಂದಾಗ ನೀರಿನ ಮೇಲ್ಮೈಯ ಅಲೆಗಳು ಚೆಂಡನ್ನು ಕುಣಿಸುತ್ತವೆ. ಚೆಂಡು ಕುಣಿದಾಗ ಕವಾಟ ತೆರೆದು ಮುಚ್ಚುತ್ತದೆ, ಅದರಿಂದ ಮತ್ತೆ ಅಲೆ ಏಳುತ್ತದೆ. ಚೆಂಡನ್ನು ಕೈಯಲ್ಲಿ ಹಿಡಿದು ನಿಲ್ಲಿಸಿ. ಸದ್ದು ನಿಂತರೆ ಕಾರಣ ಸಿಕ್ಕಿತು.

‘ಸುಯ್’ ಮತ್ತು ‘ಕರಕರ’: ಗುಳ್ಳೆಗಳ ಆಟ

ಅರೆಮುಚ್ಚಿದ ಕವಾಟದಲ್ಲಿ ನೀರಿನ ವೇಗ ತುಂಬ ಹೆಚ್ಚಿದರೆ ಒತ್ತಡ ಎಷ್ಟು ಕುಸಿಯಬಹುದೆಂದರೆ, ನೀರು ಕೋಣೆಯ ಉಷ್ಣತೆಯಲ್ಲೇ ಕುದಿಯತೊಡಗುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದಕ್ಕೆ ಒತ್ತಡ ಸುಮಾರು 3,200 ಪ್ಯಾಸ್ಕಲಿಗೆ ಇಳಿಯಬೇಕು. ನಡುವೆ ಕಿರಿದಾದ ಗಾಜಿನ ಕೊಳವೆಯಲ್ಲಿ ನೀರು ಹರಿಸಿ ಇದನ್ನು 1894ರಲ್ಲಿ ಪ್ರಯೋಗದಿಂದ ತೋರಿಸಿದವನು ಆಸ್ಬರ್ನ್ ರೆನಾಲ್ಡ್ಸ್. ಹೀಗೆ ಹುಟ್ಟಿದ ಆವಿಯ ಗುಳ್ಳೆಗಳು ಸಂದು ದಾಟಿ ಹೆಚ್ಚು ಒತ್ತಡದ ಜಾಗಕ್ಕೆ ಬಂದೊಡನೆ ಕುಸಿದು ಸಿಡಿಯುತ್ತವೆ. ಈ ಕ್ರಿಯೆಯ ಹೆಸರು ಕ್ಯಾವಿಟೇಷನ್. ಗುಳ್ಳೆ ಕುಸಿಯುವಾಗ ಉಂಟಾಗುವ ಒತ್ತಡವನ್ನು 1917ರಲ್ಲಿ ಲಾರ್ಡ್ ರೇಲಿ ಲೆಕ್ಕ ಹಾಕಿದ. ಸಾವಿರಾರು ಗುಳ್ಳೆಗಳ ಕುಸಿತ ನಮಗೆ ‘ಸುಯ್’ ಎಂದೋ ಮರಳು ಉಜ್ಜಿದ ‘ಕರಕರ’ವಾಗಿಯೋ ಕೇಳಿಸುತ್ತದೆ. ವರ್ಷಗಟ್ಟಲೆ ನಡೆದರೆ ಕವಾಟದ ಲೋಹವನ್ನೇ ಅದು ಕೊರೆದುಹಾಕುತ್ತದೆ.

ಗಾಳಿಯ ಗುಳ್ಳೆಗಳ ಸದ್ದು ಬೇರೆ. ಎರಡು ಮೂರು ದಿನಕ್ಕೊಮ್ಮೆ ನೀರು ಬರುವ ಬೀದಿಗಳಲ್ಲಿ, ನೀರು ಬಿಟ್ಟ ಮೊದಲ ಕೆಲವು ನಿಮಿಷ ನಲ್ಲಿ ಕೆಮ್ಮುತ್ತದೆ, ಉಗುಳುತ್ತದೆ. ಖಾಲಿ ಪೈಪಿನ ಗಾಳಿ ನೀರಿನೊಡನೆ ಹೊರಬರುವ ಸದ್ದು ಅದು. ಸ್ವಲ್ಪ ಹೊತ್ತಿನಲ್ಲಿ ತಾನಾಗಿ ನಿಂತರೆ ಚಿಂತೆಯಿಲ್ಲ. ದಿನವಿಡೀ ನೀರಿದ್ದರೂ ಕೆಮ್ಮು ನಿಲ್ಲದಿದ್ದರೆ ತೊಟ್ಟಿಯಲ್ಲಿ ನೀರು ಹೊರಹೋಗುವ ಬಾಯಿಯ ಮಟ್ಟಕ್ಕೆ ಇಳಿದಿರಬಹುದು, ಇಲ್ಲವೇ ಮೋಟಾರಿನ ಹೀರುಪೈಪಿನ ಜೋಡಣೆ ಸಡಿಲವಾಗಿ ಗಾಳಿ ಎಳೆಯುತ್ತಿರಬಹುದು.

ಗುಳ್ಳೆಗೂ ಸ್ವರವಿದೆ. 1933ರಲ್ಲಿ ಮಾರ್ಸೆಲ್ ಮಿನಾರ್ಟ್ ಎಂಬ ವಿಜ್ಞಾನಿ ಗಾಳಿಗುಳ್ಳೆಯ ಗಾತ್ರಕ್ಕೂ ಅದರ ಸ್ವರಕ್ಕೂ ಇರುವ ಸಂಬಂಧವನ್ನು ಕಂಡುಕೊಂಡ. ನೀರಿನಲ್ಲಿರುವ 3 ಮಿಲಿಮೀಟರ್ ತ್ರಿಜ್ಯದ ಗುಳ್ಳೆ ಸುಮಾರು 1,100 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ. ತೊಟ್ಟಿಕ್ಕುವ ನಲ್ಲಿಯ ‘ಟಪ್’ ಸದ್ದಿನ ಮೂಲವೂ ಹನಿಯಲ್ಲ, ಹನಿ ಬಿದ್ದಾಗ ನೀರಿನೊಳಗೆ ಸಿಕ್ಕಿಕೊಳ್ಳುವ ಪುಟ್ಟ ಗುಳ್ಳೆ. ಆ ಗುಳ್ಳೆಯ ಮಿಡಿತ ನೀರಿನ ಮೇಲ್ಮೈಯನ್ನೇ ಅಲುಗಿಸುವುದರಿಂದ ಸದ್ದು ಗಾಳಿಗೆ ದಾಟುತ್ತದೆ ಎಂದು 2018ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದರು. ಕೆಳಗಿನ ಬಕೆಟ್ಟಿನ ನೀರಿಗೆ ಪಾತ್ರೆ ತೊಳೆಯುವ ಸೋಪಿನ ದ್ರವ ಸ್ವಲ್ಪ ಸೇರಿಸಿ ನೋಡಿ. ಮೇಲ್ಮೈ ಎಳೆತ ಬದಲಾಗಿ ‘ಟಪ್’ ಅಡಗುತ್ತದೆ. ಸೋರಿಕೆ ಮಾತ್ರ ಅಡಗುವುದಿಲ್ಲ. ಸೆಕೆಂಡಿಗೊಂದು ಹನಿ, ಹನಿಗೆ 0.05 ಮಿಲಿಲೀಟರ್ ಎಂದಿಟ್ಟುಕೊಂಡರೂ ದಿನಕ್ಕೆ 4.3 ಲೀಟರ್ ನೀರು ಹಾಳು.

ಬಿಸಿನೀರಿನ ‘ಟಿಕ್ ಟಿಕ್’

ಸದ್ದು ಬಿಸಿನೀರು ಬಿಟ್ಟಾಗ ಮಾತ್ರ ಬಂದರೆ, ನಲ್ಲಿ ಮುಚ್ಚಿದ ಮೇಲೂ ಕೆಲವು ನಿಮಿಷ ಮುಂದುವರಿದರೆ ಅದು ಪೈಪು ಹಿಗ್ಗಿ ಕುಗ್ಗುವ ಸದ್ದು. ತಾರಸಿಯ ಸೋಲಾರ್ ಹೀಟರಿನಿಂದ ಇಳಿಯುವ 10 ಮೀಟರ್ ಪೈಪಿನ ಉಷ್ಣತೆ 30 ಡಿಗ್ರಿ ಏರಿತೆನ್ನಿ. ಜಿ.ಐ. ಪೈಪು 3.6 ಮಿಲಿಮೀಟರ್ ಉದ್ದವಾಗುತ್ತದೆ. ಸಿ.ಪಿ.ವಿ.ಸಿ. ಪೈಪಾದರೆ ಸುಮಾರು 20 ಮಿಲಿಮೀಟರ್! ಗೋಡೆಯ ತೂತಿನಲ್ಲೋ ಕ್ಲಾಂಪಿನಲ್ಲೋ ಪೈಪು ಕಚ್ಚಿಕೊಂಡಿದ್ದರೆ ಅದು ಸರಾಗವಾಗಿ ಜಾರದೆ, ತಡೆದು ತಡೆದು ಹಾರುತ್ತದೆ. ಪ್ರತಿ ಹಾರಿಕೆಗೊಂದು ‘ಟಿಕ್’.

ಇಲ್ಲಿ ಒಂದು ಮುಖ್ಯ ಮಾತು. ಜಲಾಘಾತಕ್ಕೆ ಮದ್ದು ಕ್ಲಾಂಪನ್ನು ಬಿಗಿ ಮಾಡುವುದು. ಹಿಗ್ಗುವ ಪೈಪಿಗೆ ಮದ್ದು ಜಾರಲು ಎಡೆ ಬಿಡುವುದು. ಜಲಾಘಾತಕ್ಕೆ ಕವಾಟವನ್ನು ಅರ್ಧ ಮುಚ್ಚಬೇಕು. ಕ್ಯಾವಿಟೇಷನ್ನಿಗೆ ಅದೇ ಅರೆಮುಚ್ಚಿದ ಕವಾಟವೇ ಕಾರಣ. ಒಂದರ ಔಷಧ ಇನ್ನೊಂದಕ್ಕೆ ವಿಷ. ಕಾರಣ ತಿಳಿಯದೆ ಚಿಕಿತ್ಸೆ ಮಾಡಬಾರದು ಎನ್ನುವುದು ಇದಕ್ಕೇ.

ಗೀಸರಿನೊಳಗಿನ ‘ಗೊರಗೊರ’ ಮತ್ತೊಂದು ಬಗೆ. ಗಡಸು ಬೋರ್‌ವೆಲ್ ನೀರು ಕಾದಾಗ ಕ್ಯಾಲ್ಸಿಯಂ ಕಾರ್ಬೊನೇಟ್ ಹೊರಬಿದ್ದು ಕಾಯಿಸುವ ಸುರುಳಿಯ ಮೇಲೆ ಹೊಪ್ಪಳೆ ಕಟ್ಟುತ್ತದೆ. ಹೊಪ್ಪಳೆಯ ಕೆಳಗೆ ಸಿಕ್ಕ ನೀರು ಆವಿಯಾಗಿ ಸಿಡಿಯುತ್ತದೆ. ವಿದ್ಯುತ್ ಸಂಪರ್ಕ ತಪ್ಪಿಸಿ, ತಿಳಿದವರಿಂದ ಗೀಸರನ್ನು ಶುಚಿ ಮಾಡಿಸಿ. ಗೀಸರಿನ ಸುರಕ್ಷಾ ಕವಾಟದಿಂದ ಹನಿ ತೊಟ್ಟಿಕ್ಕುತ್ತದೆ, ಸದ್ದು ಬರುತ್ತದೆ ಎಂದು ಅದನ್ನು ಎಂದಿಗೂ ಮುಚ್ಚಿ ಬಿಗಿಯಬೇಡಿ. ಒಳಗಿನ ಒತ್ತಡ ಮಿತಿ ಮೀರಿದಾಗ ಹೊರಹೋಗಲು ಇರುವ ದಾರಿಯೇ ಅದು.

ಎಲ್ಲ ಮುಚ್ಚಿದ್ದರೂ ಸದ್ದು

ನಾಲ್ಕು ಪ್ರಶ್ನೆಗಳಲ್ಲಿ ತೀರ ಗಂಭೀರವಾದ ಉತ್ತರ ಇದು. ರಾತ್ರಿ ಎಲ್ಲ ನಲ್ಲಿಗಳೂ ಮುಚ್ಚಿವೆ, ಮೋಟಾರು ನಿಂತಿದೆ, ತೊಟ್ಟಿ ತುಂಬುತ್ತಿಲ್ಲ. ಆದರೂ ಸಣ್ಣಗೆ ‘ಸ್‌ಸ್’ ಎನ್ನುತ್ತಿದೆ. ನೀರು ಎಲ್ಲಿಗೋ ಹೋಗುತ್ತಿದೆ ಎಂದೇ ಅರ್ಥ. ಮೊದಲು ಶೌಚಾಲಯದ ಫ್ಲಶ್ ತೊಟ್ಟಿಗಳನ್ನು ನೋಡಿ. ಅವು ಸರಿಯಿದ್ದರೆ ತಾರಸಿಯ ತೊಟ್ಟಿಯಲ್ಲಿ ಒಂದು ಕೋಲು ಇಳಿಸಿ ನೀರಿನ ಮಟ್ಟ ಗುರುತಿಸಿ. ಬೆಳಗ್ಗೆ ಯಾರೂ ನೀರು ಬಳಸುವ ಮೊದಲು ಮತ್ತೆ ನೋಡಿ. ಮಟ್ಟ ಇಳಿದಿದ್ದರೆ ಸೋರಿಕೆ ಖಚಿತ.

ಇಲ್ಲಿ ಮಾತ್ರ ‘ಎಲ್ಲಿ?’ ಎಂಬ ಪ್ರಶ್ನೆಗೆ ಬೆಲೆ ಬರುತ್ತದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಪೈಪಿಗೆ ತಾಗಿಸಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ ಹಿಡಿಯಿರಿ. ಪೈಪಿನ ಉದ್ದಕ್ಕೂ ಹೀಗೆ ಆಲಿಸುತ್ತ ಹೋದರೆ ಸೋರುವ ಜಾಗದ ಹತ್ತಿರ ಸದ್ದು ತೀಕ್ಷ್ಣವಾಗುತ್ತದೆ. ನೀರು ಸರಬರಾಜು ಸಿಬ್ಬಂದಿ ಬೀದಿಯ ಪೈಪುಗಳಿಗೆ ಬಳಸುವ ಆಲಿಸುವ ಕಡ್ಡಿಯ ತತ್ತ್ವವೂ ಇದೇ. ಒತ್ತಡದ ಅಲೆ ಸೋರುವ ಜಾಗದಿಂದ ಹಿಂದಿರುಗುವ ಸಮಯವನ್ನು ಅಳೆದು ಆ ಜಾಗವನ್ನು ಪತ್ತೆ ಮಾಡಬಹುದೆಂದು ಝುಕೋವ್‌ಸ್ಕಿ ಆಗಲೇ ಹೇಳಿದ್ದ. ‘ಎಲ್ಲಿ’ಗೂ ಉತ್ತರ ಕೊಟ್ಟದ್ದು ‘ಯಾವಾಗ’ ಎಂಬುದೇ!

ಸೋರಿಕೆ ಬರಿಯ ನೀರಿನ ನಷ್ಟವಲ್ಲ. ಜಲಾಘಾತದ ಇಳಿತದ ಹಂತದಲ್ಲಿ, ಅಥವಾ ಸರಬರಾಜು ನಿಂತಾಗ, ಪೈಪಿನ ಒಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆಯಾದರೆ ಅದೇ ಬಿರುಕಿನಿಂದ ಹೊರಗಿನ ಕೊಳೆನೀರು ಒಳಸೇರಬಹುದು. ಚರಂಡಿಯ ಪಕ್ಕದಲ್ಲೇ ಕುಡಿಯುವ ನೀರಿನ ಪೈಪು ಹಾದುಹೋಗುವ ಬೀದಿಗಳಲ್ಲಿ ಇದರ ಪರಿಣಾಮ ಏನೆಂದು ಬಿಡಿಸಿ ಹೇಳಬೇಕಿಲ್ಲ.

ತರಗತಿಯಲ್ಲಿ ಮಾಡಿ ನೋಡಿ

ಶಿಕ್ಷಕರು ಇದನ್ನು ಒಂದು ಸೊಗಸಾದ ಯೋಜನೆಯಾಗಿ ಕೊಡಬಹುದು. ಕಾಲು ಸುತ್ತಿನ ನಲ್ಲಿಗೆ ನೀರು ತರುವ ಪೈಪಿನ ಉದ್ದವನ್ನು ತೊಟ್ಟಿಯಿಂದ ನಲ್ಲಿಯವರೆಗೆ ಅಳೆಯಿರಿ. ನಲ್ಲಿಯನ್ನು ಒಮ್ಮೆ ಮಾತ್ರ ಥಟ್ಟನೆ ಮುಚ್ಚಿ, ಹತ್ತಿರ ಇಟ್ಟ ಮೊಬೈಲಿನಲ್ಲಿ ಸದ್ದನ್ನು ದಾಖಲಿಸಿ. ಧ್ವನಿಯ ಅಲೆರೂಪ ತೋರಿಸುವ ತಂತ್ರಾಂಶದಲ್ಲಿ ಒಂದು ಬಡಿತಕ್ಕೂ ಮುಂದಿನದಕ್ಕೂ ಇರುವ ಅಂತರವನ್ನು ಓದಿ. ಏರು ಮತ್ತು ಇಳಿತದ ಒಂದು ಪೂರ್ಣ ಆವರ್ತಕ್ಕೆ ಅಲೆ ಪೈಪನ್ನು ನಾಲ್ಕು ಸಲ ಕ್ರಮಿಸಬೇಕು. ಆದ್ದರಿಂದ ಪೈಪಿನ ಉದ್ದದ ನಾಲ್ಕು ಪಟ್ಟನ್ನು ಆ ಸಮಯದಿಂದ ಭಾಗಿಸಿದರೆ ಅಲೆಯ ವೇಗ ಸಿಗುತ್ತದೆ. 20 ಮೀಟರ್ ಪಿ.ವಿ.ಸಿ. ಪೈಪಿನಲ್ಲಿ ಈ ಸಮಯ ಸುಮಾರು 0.2 ಸೆಕೆಂಡು ಬರಬೇಕು. ಜಿ.ಐ. ಪೈಪಿನಲ್ಲಿ 0.06 ಸೆಕೆಂಡು. ನಿಮ್ಮ ಉತ್ತರ ಇದಕ್ಕಿಂತ ಬಹಳ ಕಡಿಮೆ ವೇಗ ತೋರಿಸಿದರೆ ಪೈಪಿನಲ್ಲಿ ಗಾಳಿ ಸೇರಿದೆಯೇ ಎಂದು ಚರ್ಚಿಸಿ. ಸ್ವಲ್ಪವೇ ಗಾಳಿ ಬೆರೆತರೂ ಅಲೆಯ ವೇಗ ತೀವ್ರವಾಗಿ ಇಳಿಯುತ್ತದೆ.

ಪತ್ತೆಯ ಸಾರಾಂಶ ಹೀಗಿದೆ:

• ಮುಚ್ಚಿದ ಕ್ಷಣದಲ್ಲಿ ಬಡಿತ: ಜಲಾಘಾತ. ನಿಧಾನವಾಗಿ ಮುಚ್ಚಿ ನೋಡಿ.
• ಮೋಟಾರು ನಿಂತೊಡನೆ ಒಂದು ಗುದ್ದು: ಒಮ್ಮುಖ ಕವಾಟ.
• ನಲ್ಲಿಯ ಒಂದು ಮಟ್ಟದಲ್ಲಿ ಮಾತ್ರ ಊಳು: ವಾಷರು.
• ತೊಟ್ಟಿ ತುಂಬುವಾಗ ಊಳು: ತೇಲುವ ಚೆಂಡಿನ ಕವಾಟ.
• ಹರಿಯುವಾಗ ಸುಯ್, ಕರಕರ: ಅರೆಮುಚ್ಚಿದ ಕವಾಟ.
• ಕೆಮ್ಮು, ಉಗುಳು: ಪೈಪಿನಲ್ಲಿ ಗಾಳಿ.
• ಬಿಸಿನೀರಿಗೆ ಮಾತ್ರ ಟಿಕ್ ಟಿಕ್: ಪೈಪಿನ ಹಿಗ್ಗುವಿಕೆ.
• ಎಲ್ಲ ಮುಚ್ಚಿರುವಾಗ ಸ್‌ಸ್: ಸೋರಿಕೆ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಫಲಿತಾಂಶ ಬರೆದಿಡಿ, ಆಮೇಲೆ ಮುಂದಿನದಕ್ಕೆ ಹೋಗಿ. ವಾಷರನ್ನೂ ಕವಾಟವನ್ನೂ ಕ್ಲಾಂಪನ್ನೂ ಒಟ್ಟಿಗೆ ಬದಲಿಸಿದರೆ ಸದ್ದು ನಿಲ್ಲಬಹುದು, ಆದರೆ ಯಾವುದರಿಂದ ನಿಂತಿತೆಂದು ತಿಳಿಯುವುದಿಲ್ಲ. ಮುಂದಿನ ಸಲ ಮತ್ತೆ ಮೂರಕ್ಕೂ ದುಡ್ಡು ಸುರಿಯಬೇಕಾಗುತ್ತದೆ. ಪ್ರಯೋಗಾಲಯದಲ್ಲಿ ಒಂದೇ ಚರವನ್ನು ಬದಲಿಸಿ ಎಂದು ಮಕ್ಕಳಿಗೆ ಹೇಳಿಕೊಡುವ ಪಾಠಕ್ಕೆ ಬಚ್ಚಲುಮನೆಯ ನಲ್ಲಿಗಿಂತ ಹತ್ತಿರದ ಉದಾಹರಣೆ ಬೇರೆ ಬೇಕಿಲ್ಲ.